ನಕ್ಷೆ ಹಾಳೆಯೋ, ಮೊಬೈಲೋ, ಟ್ಯೂಷನ್ನೋ: ಕಾಲೇಜಿನ ಬೀಜಗಣಿತಕ್ಕೆ ಯಾವುದನ್ನು ಆರಿಸಬೇಕು?

ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಪಿಯುಸಿ ಮತ್ತು ಪದವಿ ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರಿಗೆ ಮೊದಲ ದಿನ ಕೊಡುವುದು ಒಂದೇ ಲೆಕ್ಕ: ವೈ = ಎಕ್ಸ್² − 3ಎಕ್ಸ್ + 2, ಇದರ ನಕ್ಷೆ ಎಳೆಯಿರಿ. ಬಹುಪಾಲು ಮಕ್ಕಳು ಎಕ್ಸ್‌ಗೆ 0, 1, 2, 3 ಹಾಕುತ್ತಾರೆ. ವೈ ಬೆಲೆ 2, 0, 0, 2 ಬರುತ್ತದೆ. ನಾಲ್ಕು ಚುಕ್ಕಿ ಇಟ್ಟು ಸ್ಕೇಲ್ ಹಿಡಿದು ಕೂಡಿಸುತ್ತಾರೆ. ಒಂದಕ್ಕೂ ಎರಡಕ್ಕೂ ನಡುವೆ ಗೆರೆ ಎಕ್ಸ್ ಅಕ್ಷದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಪರವಲಯ ಆಗಬೇಕಾದದ್ದು ದನಗಳಿಗೆ ನೀರಿಡುವ ಕಲ್ಲುಬಾನಿಯ ಹಾಗೆ ಕಾಣುತ್ತದೆ.

“ಒಂದೂವರೆ ಹಾಕಿ ನೋಡಪ್ಪ” ಎನ್ನುತ್ತೇನೆ. 2.25ರಲ್ಲಿ 4.5 ಕಳೆದು 2 ಕೂಡಿಸಿದರೆ −0.25. ಒಂದು ಸೆಂಟಿಮೀಟರಿಗೆ ಒಂದು ಮಾನ ಹಿಡಿದಿದ್ದರೆ ಗೆರೆ ಅಕ್ಷದಿಂದ ಎರಡೂವರೆ ಮಿಲಿಮೀಟರ್ ಕೆಳಗಿಳಿಯಬೇಕು. ನಕ್ಷೆ ಹಾಳೆಯ ಎರಡೂವರೆ ಸಣ್ಣ ಮನೆ, ಅಷ್ಟೇ. ಆ ಎರಡೂವರೆ ಮನೆಯನ್ನು ತಾನಾಗಿ ಕಂಡುಕೊಂಡ ಹುಡುಗನಿಗೆ ಮುಂದಿನ ಅರ್ಧ ಪಾಠ ಹೇಳಬೇಕಾಗಿಯೇ ಇಲ್ಲ.

ಇನ್ನು ತಂದೆ ತಾಯಿ ಕೇಳುವ ಪ್ರಶ್ನೆ ಬೇರೆ. “ಸರ್, ಮೊಬೈಲಿನಲ್ಲೇ ಎಲ್ಲ ನಕ್ಷೆ ಬರುತ್ತದಂತೆ, ಮತ್ತೆ ಹಾಳೆ ಯಾಕೆ?” ಇಲ್ಲವೇ, “ಬಳ್ಳಾರಿಗೆ ಕೋಚಿಂಗ್‌ಗೆ ಕಳಿಸಿದರೆ ಹೇಗೆ?” ಹಾಳೆ, ಮೊಬೈಲ್, ಕ್ಯಾಲ್ಕುಲೇಟರ್, ವಿಡಿಯೊ, ಟ್ಯೂಷನ್ ಎಂದು ಐದು ದಾರಿ ಇರುವಾಗ ಯಾವುದು ಯಾರಿಗೆ ಎಂದು ಇಷ್ಟು ವರ್ಷ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡುತ್ತೇನೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ‘ಕಾಲೇಜ್ ಆಲ್ಜೀಬ್ರಾ’ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಅದು ಅಮೆರಿಕದ ಕಾಲೇಜುಗಳ ಮೊದಲ ವರ್ಷದ ಪತ್ರಿಕೆ. ನಮ್ಮ ಲೆಕ್ಕದಲ್ಲಿ ಎಸ್‌ಎಸ್‌ಎಲ್‌ಸಿಯ ಬಹುಪದೋಕ್ತಿ ಮತ್ತು ವರ್ಗ ಸಮೀಕರಣಗಳಿಂದ ಹಿಡಿದು ಪ್ರಥಮ ಪಿಯುಸಿಯ ಸಂಬಂಧ ಮತ್ತು ಫಲನ, ಸರಳರೇಖೆ, ಶಂಕುಜಗಳವರೆಗಿನ (ವೃತ್ತ, ಪರವಲಯದಂಥ ವಕ್ರರೇಖೆಗಳು) ಹರವು, ಜೊತೆಗೆ ಘಾತ ಮತ್ತು ಲಾಗರಿದಮ್. ಬಿಎಸ್ಸಿ, ಬಿಸಿಎ, ಡಿಪ್ಲೊಮಾ ಸೇರಿದವರಿಗೆಲ್ಲ ಇದೇ ಬುನಾದಿ. ಬಿಕಾಂನವರು ತಮಗೆ ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ, ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಬರುವ ತನಕ.

ಎಡವುವುದು ಎಲ್ಲಿ?

ಸಾಧನ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. (ಎಕ್ಸ್ + 3)² ಬಿಡಿಸಿ ಎಂದರೆ ಕೈ ತಾನಾಗಿ ಎಕ್ಸ್² + 9 ಎಂದು ಬರೆಯುತ್ತದೆಯೇ? ಹಾಗಿದ್ದರೆ ತೊಂದರೆ ಇರುವುದು ಬೀಜಗಣಿತದಲ್ಲಿ, ನಕ್ಷೆಯಲ್ಲಲ್ಲ. ನಡುವಿನ 6ಎಕ್ಸ್ ಅನ್ನು ನುಂಗಿದ ಮೇಲೆ ಯಾವ ಆ್ಯಪ್ ತಂದರೂ ತಪ್ಪು ಸಮೀಕರಣಕ್ಕೆ ಸೊಗಸಾದ ಚಿತ್ರ ಸಿಗುತ್ತದೆ, ಅಷ್ಟೇ. ಇವರಿಗೆ ಬೇಕಾದದ್ದು ಪೆನ್ಸಿಲ್, ಹಳೆಯ ಒಂಬತ್ತು ಮತ್ತು ಹತ್ತನೇ ತರಗತಿಯ ಪುಸ್ತಕ, ಒಂದು ತಿಂಗಳ ಸಹನೆ.

ಲೆಕ್ಕವೆಲ್ಲ ಸರಿ, ಕೋಷ್ಟಕವೂ ಸರಿ, ಆದರೆ ಸಮೀಕರಣ ನೋಡಿದರೆ ಆಕಾರ ಕಣ್ಣಿಗೆ ಬರುವುದಿಲ್ಲ ಎನ್ನುವವರು ಎರಡನೆಯ ಬಗೆ. ಮೊಬೈಲ್ ನಿಜಕ್ಕೂ ಹೇಳಿಮಾಡಿಸಿದ್ದು ಇವರಿಗೆ.

ಮೂರನೆಯವರು ನಮ್ಮ ಕಡೆ ಬಹಳ. ಕನ್ನಡ ಮಾಧ್ಯಮದಲ್ಲಿ ‘ಬಹುಪದೋಕ್ತಿಯ ಶೂನ್ಯತೆ ಕಂಡುಹಿಡಿಯಿರಿ’ ಎಂದರೆ ಸರಸರನೆ ಮಾಡಿದವರು ಪಿಯುಸಿ ವಿಜ್ಞಾನಕ್ಕೆ ಬಂದು ಇಂಗ್ಲಿಷ್‌ನಲ್ಲಿ ಅದೇ ಪ್ರಶ್ನೆ ಕಂಡಾಗ ಪೆನ್ ಕೆಳಗಿಡುತ್ತಾರೆ. ಯಲಬುರ್ಗಾ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮೂರು ವಾರ ಬಾಯಿ ಬಿಡಲಿಲ್ಲ. ಒಂದು ದಿನ ಮೆಲ್ಲಗೆ, “ಸರ್, ಡಿಸ್ಕ್ರಿಮಿನೆಂಟ್ ಅಂದರೆ ನಮ್ಮ ಶೋಧಕವೇ ಅಲ್ಲವೇ?” ಎಂದು ಕೇಳಿದಳು. ಅದೇ ತಾಯಿ, ವರ್ಗ ಸಮೀಕರಣದ ಅದೇ ಬಿ² − 4ಎಸಿ. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅಂಥವರು ಮೊದಲ ವಾರದಲ್ಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಸಾಲು ಹಾಕಿಕೊಳ್ಳಬೇಕು: ಒಂದರಲ್ಲಿ ಪರವಲಯ, ಇಳಿಜಾರು, ಶೋಧಕ, ಮೂಲಬಿಂದು, ಎದುರಿಗೆ ಪ್ಯಾರಾಬೊಲಾ, ಸ್ಲೋಪ್, ಡಿಸ್ಕ್ರಿಮಿನೆಂಟ್, ಆರಿಜಿನ್. ನಲವತ್ತು ಪದ ದಾಟುವುದಿಲ್ಲ. ಇದಕ್ಕೆ ಟ್ಯೂಷನ್ ಹಣ ಸುರಿಯಬೇಕಾಗಿಲ್ಲ.

ಹಾಳೆ ಮತ್ತು ಪೆನ್ಸಿಲ್

ನಕ್ಷೆ ಹಾಳೆಯ ಬೆಲೆ ಎಲ್ಲಕ್ಕಿಂತ ಕಡಿಮೆ, ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಇದರ ನಿಜವಾದ ಗುಣ ನಿಧಾನ. ಪ್ರತಿ ಚುಕ್ಕಿಗೂ ನೀವೇ ಬೆಲೆ ಕಟ್ಟಬೇಕು. ಎಕ್ಸ್ ಋಣವಾದಾಗ ಅದರ ವರ್ಗ ಧನವಾಗುತ್ತದೆ ಎಂಬುದನ್ನು ಪ್ರತಿ ಸಾಲಿನಲ್ಲೂ ಎದುರಿಸಬೇಕು. ಯಾವ ಪ್ರಮಾಣ ಹಿಡಿಯಬೇಕು ಎಂದು ತೀರ್ಮಾನಿಸುವವರೂ ನೀವೇ. ಪರೀಕ್ಷೆಯಲ್ಲಿ ಬರುವುದೂ ಇದೇ: ಎಸ್‌ಎಸ್‌ಎಲ್‌ಸಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಿಂದ ಬಿಡಿಸುವುದು, ದ್ವಿತೀಯ ಪಿಯುಸಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್. ಎರಡನ್ನೂ ಕೈಯಿಂದಲೇ ಎಳೆಯಬೇಕು.

ಕೈಯಲ್ಲಿ ಎಳೆಯುವವರು ಮಾಡುವ ತಪ್ಪು ಎರಡೇ. ಪೂರ್ಣಾಂಕಗಳನ್ನು ಮಾತ್ರ ಹಾಕಿ ನಡುವಿನದನ್ನು ಮರೆಯುವುದು ಒಂದು. ಅದರ ಫಲವೇ ಮೇಲೆ ಹೇಳಿದ ಕಲ್ಲುಬಾನಿ. ವಕ್ರರೇಖೆಯನ್ನು ಸ್ಕೇಲಿನಿಂದ ಎಳೆಯುವುದು ಇನ್ನೊಂದು. ಸ್ಕೇಲನ್ನು ಅಕ್ಷಗಳಿಗೆ ಮತ್ತು ಸರಳರೇಖೆಗೆ ಮೀಸಲಿಡಿ. ಉಳಿದದ್ದನ್ನು ಮಣಿಕಟ್ಟು ತಿರುಗಿಸಿ ಒಂದೇ ಬೀಸಿಗೆ ಎಳೆಯಬೇಕು, ಹಾಳೆಯನ್ನೇ ತುಸು ಓರೆಯಾಗಿಟ್ಟುಕೊಂಡರೆ ಸಲೀಸು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಓದುವವರಿಗೆ ಇನ್ನೊಂದು ಮಾತು: ಅಂಗೈ ಕೆಳಗೆ ಒಂದು ರದ್ದಿ ಕಾಗದ ಇಟ್ಟುಕೊಳ್ಳಿ. ಆ ಬಿಸಿಲಿನಲ್ಲಿ ಬೆವರಿಗೆ ನಕ್ಷೆ ಅಳಿಸಿಹೋದದ್ದನ್ನು ನಾನೇ ಅನುಭವಿಸಿದ್ದೇನೆ.

ಹಾಳೆಯ ಮಿತಿಯೂ ಅದರ ನಿಧಾನವೇ. ಒಂದೇ ಜಾತಿಯ ಐದಾರು ನಕ್ಷೆಗಳನ್ನು ಹೋಲಿಸಿ ನೋಡಬೇಕು ಎಂದಾಗ ಸಂಜೆಯೆಲ್ಲ ಕೋಷ್ಟಕ ಕಟ್ಟುವುದರಲ್ಲೇ ಕಳೆಯುತ್ತದೆ, ಹೋಲಿಸುವ ಹೊತ್ತಿಗೆ ತಲೆ ಓಡುವುದಿಲ್ಲ.

ಮೊಬೈಲ್ ಗೆಲ್ಲುವ ಜಾಗ, ಮೋಸ ಮಾಡುವ ಜಾಗ

ವೈ = (ಎಕ್ಸ್ − 3)² ನಕ್ಷೆ ಎಡಕ್ಕೆ ಸರಿಯುತ್ತದೋ ಬಲಕ್ಕೋ ಎಂದರೆ ಎಲ್ಲರೂ ಎಡಕ್ಕೆ ಎನ್ನುತ್ತಾರೆ, ಋಣಚಿಹ್ನೆ ಕಾಣುತ್ತಿದೆಯಲ್ಲ. ಡೆಸ್ಮೋಸ್ ಆ್ಯಪ್‌ನಲ್ಲಿ 3ರ ಜಾಗಕ್ಕೆ ಒಂದು ಅಕ್ಷರ ಹಾಕಿ ಸ್ಲೈಡರ್ ಎಳೆದರೆ ಪರವಲಯ ಬೆರಳಿನ ಜೊತೆಗೇ ಬಲಕ್ಕೆ ನಡೆಯುತ್ತದೆ. ಹೀಗೆ ಕಣ್ಣಾರೆ ಕಂಡದ್ದು ಹಾಳೆಯಲ್ಲಿ ಹತ್ತು ಎಳೆದರೂ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಕಾರಣವನ್ನು ಮಾತ್ರ ಆ್ಯಪ್ ಹೇಳುವುದಿಲ್ಲ, ನಾನು ಹೇಳುತ್ತೇನೆ: ರಾಯಚೂರಿನ ಬಸ್ ಮೂರು ತಾಸು ತಡವಾಗಿ ಹೊರಟರೆ ಸೊನ್ನೆ ಗಂಟೆಗೆ ಆಗಬೇಕಾದದ್ದು ಮೂರನೇ ಗಂಟೆಗೆ ಆಗುತ್ತದೆ. ದಾರಿ ಅದೇ, ನಿಲ್ದಾಣಗಳೂ ಅವೇ, ಎಲ್ಲವೂ ಮೂರು ಮನೆ ಮುಂದಕ್ಕೆ ಹೋಗಿರುತ್ತದೆ.

ಈಗ ಮೋಸದ ಕಥೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಒಂದು ಘಟಕ ಎಂದುಕೊಳ್ಳೋಣ. ಅಂಕಿಗಳು ನಾನು ಕಟ್ಟಿದವು. ದಿನಕ್ಕೆ ಎಕ್ಸ್ ಡಜನ್ ಪ್ಯಾಂಟ್ ಹೊಲಿದರೆ ಬರುವ ಲಾಭ, ನೂರು ರೂಪಾಯಿಗಳ ಲೆಕ್ಕದಲ್ಲಿ, −ಎಕ್ಸ್² + 40ಎಕ್ಸ್ − 300. ಇದನ್ನು ಮೊಬೈಲಿನಲ್ಲಿ ಟೈಪ್ ಮಾಡಿದ ಹುಡುಗ, “ಸರ್, ಈ ವ್ಯಾಪಾರದಲ್ಲಿ ಬರೀ ನಷ್ಟ” ಎಂದ. ಪರದೆ ತೋರಿಸಿದ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೂರು ಗೆರೆ, ಅದೂ ಅಕ್ಷದ ಕೆಳಗೆ. ಉಳಿದದ್ದೆಲ್ಲ ಖಾಲಿ.

ಆ್ಯಪ್ ತಪ್ಪು ಮಾಡಿರಲಿಲ್ಲ. ತೆರೆದ ಕೂಡಲೇ ಅದು ಎಕ್ಸ್ ಅನ್ನು ಸುಮಾರು −10ರಿಂದ 10ರವರೆಗೆ ಮಾತ್ರ ತೋರಿಸುತ್ತದೆ. ಈ ಫಲನ ಅಕ್ಷವನ್ನು ಮುಟ್ಟುವುದೇ 10ರಲ್ಲಿ! ಅಲ್ಲಿಂದ ಮೇಲೇರಿ 20ರಲ್ಲಿ ತುದಿ ಮುಟ್ಟಿ 30ರಲ್ಲಿ ಮತ್ತೆ ಅಕ್ಷಕ್ಕೆ ಇಳಿಯುತ್ತದೆ. ಇಪ್ಪತ್ತು ಡಜನ್ ಹೊಲಿದ ದಿನ ಲಾಭ 100, ಅಂದರೆ ಹತ್ತು ಸಾವಿರ ರೂಪಾಯಿ. ಹುಡುಗ ಕಿಟಕಿಯ ಚೌಕಟ್ಟಿನೊಳಗೆ ಕಂಡಷ್ಟನ್ನೇ ಊರೆಂದುಕೊಂಡಿದ್ದ. ತುದಿ ಎಲ್ಲಿದೆ ಎಂದು ಮೊದಲೇ ಕೈಯಲ್ಲಿ ಲೆಕ್ಕ ಹಾಕಿದ್ದರೆ, −40ನ್ನು −2ರಿಂದ ಭಾಗಿಸಿದರೆ 20, ಪರದೆಯನ್ನು ಎತ್ತ ಸರಿಸಬೇಕು ಎಂದು ಗೊತ್ತಿರುತ್ತಿತ್ತು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಎಕ್ಸ್² − 1 ಅನ್ನು ಎಕ್ಸ್ − 1ರಿಂದ ಭಾಗಿಸಿದ ಫಲನವನ್ನು ಹಾಕಿ ನೋಡಿ. ಪರದೆಯಲ್ಲಿ ಅಚ್ಚುಕಟ್ಟಾದ ಸರಳರೇಖೆ. ಆದರೆ ಎಕ್ಸ್ 1 ಆದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತೆ, ಅಲ್ಲಿ ಫಲನವೇ ಇಲ್ಲ. ಗೆರೆಯಲ್ಲಿ ಒಂದು ಚುಕ್ಕಿಯಷ್ಟು ತೂತು ಇರಬೇಕು. ಬೆರಳಿಟ್ಟು ಆ ಬಿಂದುವನ್ನೇ ಹುಡುಕಿದರೆ ಮಾತ್ರ ಆ್ಯಪ್ ಒಪ್ಪಿಕೊಳ್ಳುತ್ತದೆ, ತಾನಾಗಿ ಹೇಳುವುದಿಲ್ಲ. ಹಾಳೆಯಲ್ಲಿ ಕೋಷ್ಟಕ ಕಟ್ಟುವವನು 1 ಹಾಕಿದ ಕೂಡಲೇ ಮುಗ್ಗರಿಸುತ್ತಾನೆ. ಮುಗ್ಗರಿಸಲೇಬೇಕು.

ಯಾವ ಆ್ಯಪ್ ಎಂದರೆ, ಫಲನಗಳ ನಕ್ಷೆಗೆ ಡೆಸ್ಮೋಸ್, ಶಂಕುಜಗಳಿಗೆ ಬಂದಾಗ ಜಿಯೊಜಿಬ್ರಾ. ಎರಡನೆಯದು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಸ್ನಾತಕೋತ್ತರ ಕೆಲಸವಾಗಿ ಹುಟ್ಟಿದ್ದು. ನಾಭಿ ಮತ್ತು ನಿಯತ ರೇಖೆಯನ್ನು ಇಟ್ಟು ಪರವಲಯ ಕಟ್ಟುವ ಸೌಕರ್ಯ ಅದರಲ್ಲಿದೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಲೆಕ್ಕದ ಫೋಟೊ ತೆಗೆದರೆ ಉತ್ತರ ಬಿಡಿಸಿಕೊಡುವ ಫೋಟೊಮ್ಯಾತ್‌ನಂಥವನ್ನು ನಾನು ಪಡಸಾಲೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ, ನೀವೇ ಬಿಡಿಸಿ ಮುಗಿಸಿದ ಮೇಲೆ, ಯಾವ ಹಂತದಲ್ಲಿ ಚಿಹ್ನೆ ತಪ್ಪಿತು ಎಂದು ಹುಡುಕಲು ಬಳಸಿದರೆ ತಕರಾರಿಲ್ಲ.

ಸೈಂಟಿಫಿಕ್ ಕ್ಯಾಲ್ಕುಲೇಟರ್ ವಿಷಯ ಚಿಕ್ಕದು. ಸಿಇಟಿಯಲ್ಲಿ ಅದನ್ನು ಬಿಡುವುದಿಲ್ಲ, ಜೆಇಇ ಮೇನ್‌ನಲ್ಲೂ ಬಿಡುವುದಿಲ್ಲ. ಡಿಪ್ಲೊಮಾ, ಎಂಜಿನಿಯರಿಂಗ್ ಸೇರಿದ ಮೇಲೆ ಕೊಂಡರೆ ಸಾಕು. ಕ್ಯಾಸಿಯೊದ 991ಇಎಸ್ ಪ್ಲಸ್‌ನಲ್ಲಿ ಕೋಷ್ಟಕ ಕಟ್ಟುವ ಸೌಲಭ್ಯ ಇದೆ, ಅಗ್ಗದ 82ಎಂಎಸ್‌ನಲ್ಲಿ ಇಲ್ಲ. ಒಂದು ಎಚ್ಚರಿಕೆ: ಆವರಣ ಹಾಕದೆ −3² ಒತ್ತಿದರೆ ಅದು −9 ಎನ್ನುತ್ತದೆ. ಯಂತ್ರದ ಪ್ರಕಾರ ಅದೇ ಸರಿ. ನಿಮ್ಮ ಪರವಲಯದ ಎಡತೋಳು ಮಾತ್ರ ಕೆಳಗೆ ಬಿದ್ದಿರುತ್ತದೆ.

ವಿಡಿಯೊ, ಪುಸ್ತಕ, ಟ್ಯೂಷನ್

ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಮೊದಲ ಸಲ ವಿಷಯ ತಿಳಿಯಲು ಅವನ್ನು ಕನ್ನಡದಲ್ಲೇ ನೋಡಿ, ಎರಡನೇ ಸಲ ಅದೇ ಪಾಠವನ್ನು ಇಂಗ್ಲಿಷ್‌ನಲ್ಲಿ ನೋಡಿ. ಪದಗಳ ಜೋಡಿ ತಾನಾಗಿ ಕೂಡಿಕೊಳ್ಳುತ್ತದೆ. ಐಐಟಿ ಮತ್ತು ಐಐಎಸ್‌ಸಿಗಳ ಎನ್‌ಪಿಟಿಇಎಲ್ ಪಾಠಗಳ ಮೇಲೆ ಈ ಹಂತದಲ್ಲಿ ಕೈ ಹಾಕಬೇಡಿ; ಒಳ್ಳೆಯವು, ಆದರೆ ಬುನಾದಿ ಆದ ಮೇಲೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಭ್ಯಾಸದ ಲೆಕ್ಕ ಸಾಲದು ಎನ್ನುವವರಿಗೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಕೊಡುವ ಕಾಲೇಜ್ ಆಲ್ಜೀಬ್ರಾ ಪುಸ್ತಕವೂ ಪುಕ್ಕಟೆ. ಇಂಗ್ಲಿಷ್ ಸರಳ, ನಕ್ಷೆಗಳು ಧಾರಾಳ. ವಿಡಿಯೊದ ಕೊರತೆ ಒಂದೇ: ನೋಡುವಾಗ ಎಲ್ಲ ತಿಳಿದಂತೆ ಇರುತ್ತದೆ. ಪರದೆ ಮುಚ್ಚಿ ಅದೇ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮಾಡಿ ನೋಡಿ, ಎಷ್ಟು ತಿಳಿದಿದೆ ಎಂದು ಗೊತ್ತಾಗುತ್ತದೆ.

ಟ್ಯೂಷನ್ ಬಗ್ಗೆ ಬರೆಯುವಾಗ ನಾನು ಪಕ್ಷಪಾತಿ ಎಂದು ನೀವು ಅಂದುಕೊಳ್ಳಬಹುದು, ನನ್ನ ಅನ್ನ ಅದರದ್ದೇ. ಆದರೂ ಹೇಳುತ್ತೇನೆ: ಎಲ್ಲರಿಗೂ ಬೇಡ. ಬಳ್ಳಾರಿ, ರಾಯಚೂರಿನ ದೊಡ್ಡ ಕೋಚಿಂಗ್ ಬ್ಯಾಚ್‌ಗಳ ಕಣ್ಣು ಸಿಇಟಿ, ಜೆಇಇ ಮೇಲೆ. ಅಲ್ಲಿ ವೇಗ ಕಲಿಸುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ಅಂಥದೊಂದು ಕಡೆ ಸೇರಿದ್ದೆ. ಬೆಂಚಿನಲ್ಲಿ ಜಾಗ ಸಾಲದೆ ನಿಂತು ಬರೆದುಕೊಳ್ಳುತ್ತಿದ್ದೆವು. ‘ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲ’ ಎಂದು ಹೇಳಿ ಬರೆಸಿದರು. ಹಾಗೆಂದರೆ ಪರವಲಯ ಎಕ್ಸ್ ಅಕ್ಷವನ್ನು ಮುಟ್ಟದೆ ಮೇಲೆಯೋ ಕೆಳಗೆಯೋ ತೇಲುತ್ತದೆ ಎಂದು ಯಾರೂ ಎಳೆದು ತೋರಿಸಲಿಲ್ಲ. ಆ ವರ್ಷ ಗಣಿತದಲ್ಲಿ ನಾನು ಫೇಲ್. ವೈ = ಎಕ್ಸ್² + 1 ಎಂಬ ಒಂದು ನಕ್ಷೆಯನ್ನು ನಾನೇ ಎಳೆದುಕೊಂಡ ದಿನ ಆ ವಾಕ್ಯದ ಅರ್ಥ ಗೊತ್ತಾಯಿತು.

(ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಬರೆದಿದ್ದಾನೆ. ಗ್ರಂಥದ ಆರಂಭದಲ್ಲಿ ಅವನು ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಅದೇ ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡಿನಲ್ಲಿ ಎಣಿಸುವ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಕೊಪ್ಪಳದವನಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ.)

ಸೇರುವ ಮೊದಲು ಒಂದು ದಿನ ಸುಮ್ಮನೆ ಕುಳಿತು ನೋಡಿ. ಮೇಷ್ಟ್ರು ಮಕ್ಕಳನ್ನು ಬೋರ್ಡಿಗೆ ಕರೆಯುತ್ತಾರೆಯೇ? ಮೊದಲ ತಿಂಗಳಲ್ಲಿ ಮಕ್ಕಳು ಕೈಯಾರೆ ಎಳೆಯುವ ನಕ್ಷೆ ಎಷ್ಟು ಎಂದು ಕೇಳಿ. ಪ್ರಶ್ನೆಗೆ ನಕ್ಕರೆ ಎದ್ದು ಬನ್ನಿ. ಕೊಪ್ಪಳದಿಂದ ಬಳ್ಳಾರಿಗೆ ರೈಲಿನಲ್ಲಿ ಓಡಾಡುವವರು ದಾರಿಯ ಹೊತ್ತನ್ನೂ ಫೀಸಿನಲ್ಲಿ ಸೇರಿಸಿ ಲೆಕ್ಕ ಹಾಕಿ. ರೈಲಿನಲ್ಲಿ ಕೋಷ್ಟಕ ಕಟ್ಟಬಹುದು, ಗೆರೆ ಎಳೆಯಲಾಗದು. ನಾನು ಟ್ಯೂಷನ್ ಬೇಕು ಎನ್ನುವುದು ಮೊದಲ ಬಗೆಯವರಿಗೆ, (ಎಕ್ಸ್ + 3)² ಎಂದರೆ ಎಕ್ಸ್² + 9 ಬರೆಯುವವರಿಗೆ. ತನ್ನ ತಪ್ಪು ತನಗೆ ಕಾಣದವನಿಗೆ ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸುವವರು ಬೇಕು. ಅದಕ್ಕೆ ದೊಡ್ಡ ಬ್ಯಾಚ್ ಆಗದು, ಓಣಿಯಲ್ಲಿರುವ ಬಿಎಸ್ಸಿ ಓದಿದ ಅಕ್ಕನೇ ಸಾಕು.

ಉಳಿದವರಿಗೆ ನನ್ನ ಸಲಹೆ ಇಷ್ಟು. ಮೊದಲ ಹದಿನೈದು ನಕ್ಷೆ ಹಾಳೆಯ ಮೇಲೆ: ಮೂರು ಸರಳರೇಖೆ, ಆರು ಪರವಲಯ, ಎರಡು ಘನ ಬಹುಪದೋಕ್ತಿ, 1ನ್ನು ಎಕ್ಸ್‌ನಿಂದ ಭಾಗಿಸಿದ್ದು, ಮಾಡ್ಯುಲಸ್, 2ರ ಘಾತ ಎಕ್ಸ್, ಲಾಗ್. ಆಮೇಲೆ ಮೊಬೈಲ್. ಮೊಬೈಲಿನಲ್ಲಿ ಸಮೀಕರಣ ಒತ್ತುವ ಮೊದಲು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಒರಟಾಗಿ ಆಕಾರ ಗೀಚಿ, ಅಕ್ಷವನ್ನು ಎಲ್ಲೆಲ್ಲಿ ಕಡಿಯುತ್ತದೆ ಎಂದು ಬರೆಯಿರಿ. ಬಳಿಕ ಪರದೆ ನೋಡಿ. ಚೀಟಿ ಮತ್ತು ಪರದೆ ಹೊಂದದ ಸಮೀಕರಣಗಳನ್ನಷ್ಟೇ ನನ್ನ ಬಳಿ ತನ್ನಿ ಎನ್ನುತ್ತೇನೆ.

ಜಲಾಶಯದ ಲೆಕ್ಕ

ಎಕ್ಸ್, ವೈ ಎಂದರೆ ಬೇಸರ ಎನ್ನುವವರಿಗೆ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗೆ ಒಂದು ಫಲನ ಪ್ರತಿ ದಿನ ಮನೆ ಬಾಗಿಲಿಗೆ ಬರುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳು ತುಂಗಭದ್ರಾ ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಮುದ್ರಿಸುತ್ತವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ಒಳಹರಿವು ಹೊರಹರಿವಿಗಿಂತ 11,574 ಕ್ಯುಸೆಕ್ ಹೆಚ್ಚಿದ್ದರೆ ಒಂದು ದಿನಕ್ಕೆ ಸರಿಸುಮಾರು ಒಂದು ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ, ಸೇರುತ್ತದೆ. ಸಂಗ್ರಹ 60 ಟಿಎಂಸಿ ಅಡಿ, ವ್ಯತ್ಯಾಸ 20,000 ಕ್ಯುಸೆಕ್ ಎಂದಿಟ್ಟುಕೊಳ್ಳಿ: ಇಳಿಜಾರು 1.728, ಸಂಗ್ರಹ = 60 + 1.728 × ದಿನ. ಅಚ್ಚುಕಟ್ಟಾದ ಸರಳರೇಖೆ. ಆದರೆ ಅದು ಆಕಾಶಕ್ಕೆ ಏರುತ್ತಲೇ ಇರಲಾರದು, 1,633 ಅಡಿಗೆ ಜಲಾಶಯ ಭರ್ತಿ, ಆಗ ಸಂಗ್ರಹ 105.788 ಟಿಎಂಸಿ ಅಡಿ. ಇಪ್ಪತ್ತಾರೂವರೆ ದಿನಕ್ಕೆ ಗೆರೆ ನಿಲ್ಲಬೇಕು. ಡೊಮೈನ್ (ಎಕ್ಸ್‌ಗೆ ಹಾಕಬಹುದಾದ ಬೆಲೆಗಳ ಹರವು) ಎಂಬ ಪದ ಮಕ್ಕಳಿಗೆ ಇದರಿಂದ ತಿಳಿದಷ್ಟು ಯಾವ ವ್ಯಾಖ್ಯೆಯಿಂದಲೂ ತಿಳಿದಿಲ್ಲ.

ಮಟ್ಟಕ್ಕೂ ಸಂಗ್ರಹಕ್ಕೂ ನಕ್ಷೆ ಎಳೆದರೆ ಮಾತ್ರ ಸರಳರೇಖೆ ಬರುವುದಿಲ್ಲ. ಮೇಲೆ ಹೋದಂತೆ ಜಲಾಶಯ ಹರವಾಗುತ್ತದೆ, ಮೇಲಿನ ಒಂದು ಅಡಿ ತಳದ ಒಂದು ಅಡಿಗಿಂತ ಹೆಚ್ಚು ನೀರು ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದ ವಾರದ ಅಂಕಿಗಳನ್ನು ಕೂಡ ಒಂದು ಹಾಳೆಯ ಮೇಲೆ ಹಾಕಿಸಿದ್ದೆ. ಗೆರೆ ಕೆಳಮುಖವಾದದ್ದನ್ನು ನೋಡಿ ಕಾರಟಗಿ ಕಡೆಯ ರೈತನ ಮಗ ಏನೂ ಮಾತಾಡಲಿಲ್ಲ. ಇಳಿಜಾರು ಋಣವಾಗುವುದು ಎಂದರೇನು ಎಂದು ಅವನಿಗೆ ನಾನು ಹೇಳಲು ಹೋಗಲಿಲ್ಲ.

ಈ ಸಲ ಮಳೆ ಹಿಡಿದ ಮೇಲೆ ಹದಿನೈದು ದಿನದ ಅಂಕಿ ಕತ್ತರಿಸಿಟ್ಟುಕೊಳ್ಳಿ. ಅಡ್ಡ ಅಕ್ಷದಲ್ಲಿ ಸೆಂಟಿಮೀಟರಿಗೆ ಒಂದು ದಿನ, ಲಂಬ ಅಕ್ಷದಲ್ಲಿ ಸೆಂಟಿಮೀಟರಿಗೆ ಐದು ಟಿಎಂಸಿ ಅಡಿ. ಚುಕ್ಕಿಗಳನ್ನು ಕೂಡಿಸಿದ ಮೇಲೆ ಗೆರೆಯ ಏರು ತಗ್ಗಿದ ದಿನದ ಪತ್ರಿಕೆ ತೆರೆದು ನೋಡಿ: ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿಯೋ, ಮಲೆನಾಡಿನಲ್ಲಿ ಮಳೆ ಬಿಡುವು ಕೊಟ್ಟ ಸುದ್ದಿಯೋ ಅಲ್ಲೇ ಎಲ್ಲೋ ಇರುತ್ತದೆ.